ಕುವಳಾಲಪುರ: ಕೋಲಾರ ಒಂದು ಬಿರುದಾಗಿ ಬಾಳಿದ ಬಗೆ

ಕೆರೆಯ ಹೂಳೆತ್ತುವಾಗಲೋ ಹೊಲದ ಬದು ಸರಿಮಾಡುವಾಗಲೋ ಜೆಸಿಬಿಯ ಹಲ್ಲಿಗೆ ಒಂದು ಚಪ್ಪಡಿ ತಗಲುತ್ತದೆ. ಮಣ್ಣು ಒರೆಸಿದರೆ ಅಕ್ಷರ. ಸಂಜೆಯೊಳಗೆ ಅದರ ಫೋಟೊ ನಾಲ್ಕಾರು ವಾಟ್ಸಾಪ್ ಗುಂಪು ಸುತ್ತಿ ಬಂದಿರುತ್ತದೆ, ಜೊತೆಗೆ ‘ಅಲ್ಲಿ ನಿಧಿ ಇದೆಯಂತೆ’ ಎಂಬ ಮಾತೂ. ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಜನ ಇಂಥ ಕಲ್ಲಿನ ಮುಂದೆ ನಿಂತಾಗ ಕೇಳುವುದು ಎರಡೇ ಪ್ರಶ್ನೆ: ಇದರಲ್ಲಿ ಏನು ಬರೆದಿದೆ? ನಮ್ಮ ಊರು ಅಷ್ಟು ಹಳೆಯದಾ?

ಗಂಗರ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತಿದೆ: ‘ಕುವಳಾಲಪುರವರೇಶ್ವರ ನಂದಗಿರಿನಾಥ’. ನಂದಗಿರಿ ಎಂದರೆ ನಂದಿಬೆಟ್ಟ. ಕುವಳಾಲಪುರ ಎಂದರೆ ಇಂದಿನ ಕೋಲಾರ. ಈ ಎರಡು ಪದ ಅರ್ಥವಾದರೆ ಕೋಲಾರದ ಹಳಮೆಯ ಅರ್ಧ ಬಾಗಿಲು ತೆರೆದಂತೆ.

ಕೋಲಾರ ಎಂದರೆ ಈಗ ಹೆಚ್ಚಿನವರಿಗೆ ನೆನಪಾಗುವುದು ಚಿನ್ನದ ಗಣಿ. ಅಲ್ಲಿ ಯಂತ್ರಗಳ ಗಣಿಗಾರಿಕೆ ಶುರುವಾದದ್ದು 1880ರ ದಶಕದಲ್ಲಿ, ನಿಂತದ್ದು 2001ರಲ್ಲಿ. ಪಟ್ಟಣದ ಹೆಸರು ಅದಕ್ಕಿಂತ ಸಾವಿರ ವರ್ಷ ಮೊದಲೇ ಕಲ್ಲಿನ ಮೇಲಿತ್ತು.

ಹೆಸರು ಸವೆದ ಬಗೆ

ಹಳೆಯ ಶಾಸನಗಳಲ್ಲಿ ಊರಿನ ಹೆಸರು ‘ಕುವಳಾಲ’. ಕೆಲವು ಕಡೆ ‘ಕೋವಳಾಲ’, ಆಮೇಲಿನವುಗಳಲ್ಲಿ ‘ಕೋಳಾಲ’. ನಡುವಿನ ‘ವ’ ಕರಗಿ ‘ಕುವ’ ಎಂಬುದು ‘ಕೋ’ ಆಯಿತು. ಕೊನೆಯ ‘ಲ’ ಬಾಯಲ್ಲಿ ‘ರ’ ಆಯಿತು. ಪಕ್ಕದ ಊರನ್ನೇ ನೋಡಿ. ಮೂಡಲ ದಿಕ್ಕಿನ ಬಾಗಿಲು ‘ಮುಳಬಾಗಿಲು’ ಆಗಿದೆ. ದಿನಾ ಹತ್ತಾರು ಸಲ ಹೇಳುವ ಹೆಸರನ್ನು ನಾಲಿಗೆ ತನಗೆ ಅನುಕೂಲವಾದಂತೆ ಸವೆಸಿಕೊಳ್ಳುತ್ತದೆ, ಮೆಟ್ಟಿಲಿನ ಕಲ್ಲು ಸವೆದಂತೆ.

ಇನ್ನೊಂದು ವಿವರಣೆ ಜನಜನಿತ. ಪರಶುರಾಮ ಇಲ್ಲಿಯ ಶತಶೃಂಗ ಬೆಟ್ಟದಲ್ಲಿ ಕಾರ್ತವೀರ್ಯಾರ್ಜುನನನ್ನು ಕೊಂದಾಗ ಎದ್ದ ಕೋಲಾಹಲದಿಂದ ‘ಕೋಲಾಹಲಪುರ’ ಆಯಿತು, ಅದೇ ಕೋಲಾರ ಎಂಬುದು. ಇದು ಸ್ಥಳಪುರಾಣ. ಬೆಂಗಳೂರಿಗೆ ‘ಬೆಂದಕಾಳೂರು’ ಕಥೆ ಇರುವಂತೆಯೇ. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳೆನ್ನುವ ಕಾಲಕ್ಕಿಂತ ಸುಮಾರು ಮುನ್ನೂರು ವರ್ಷ ಮೊದಲೇ ಬೇಗೂರಿನ ವೀರಗಲ್ಲಿನ ಮೇಲೆ ‘ಬೆಂಗುಳೂರು ಕಾಳಗ’ ಎಂದು ಬರೆದಾಗಿತ್ತು. ಊರಿನ ಹೆಸರು ಮೊದಲು, ಕಥೆ ಆಮೇಲೆ. ಹಾಗೆಂದು ಕಥೆಯನ್ನು ತಳ್ಳಿಹಾಕಬೇಕಿಲ್ಲ. ಹೆಸರು ಹೇಗೆ ಹುಟ್ಟಿತೆಂದು ಅದು ಹೇಳದಿರಬಹುದು. ಜನ ತಮ್ಮ ಬೆಟ್ಟವನ್ನು ಹೇಗೆ ಕಂಡರು ಎಂಬುದನ್ನು ಮಾತ್ರ ಸರಿಯಾಗಿಯೇ ಹೇಳುತ್ತದೆ.

ಗಂಗರಿಗೂ ಕೋಲಾರಕ್ಕೂ ಏನು ನಂಟು?

ತಲಕಾಡಿನ ಗಂಗರು ಎಂದು ಪಠ್ಯಪುಸ್ತಕದಲ್ಲಿ ಓದಿದವರೇ ಇವರು. ಸುಮಾರು 350ರಿಂದ ಸುಮಾರು 1000ದವರೆಗೆ, ಅಂದರೆ ಆರೂವರೆ ಶತಮಾನ, ದಕ್ಷಿಣ ಕರ್ನಾಟಕದ ಬಹುಭಾಗವನ್ನು ಆಳಿದರು. ಕೆಲವೊಮ್ಮೆ ಸ್ವತಂತ್ರರಾಗಿ, ಕೆಲವೊಮ್ಮೆ ಪಲ್ಲವರ, ಚಾಲುಕ್ಯರ, ರಾಷ್ಟ್ರಕೂಟರ ಕೆಳಗೆ. ಅವರ ನಾಡಿಗೆ ‘ಗಂಗವಾಡಿ 96000’ ಎಂಬ ಹೆಸರಿತ್ತು. ವಂಶದ ಮೊದಲ ದೊರೆ ಕೊಂಗಣಿವರ್ಮ ಮಾಧವ. ಅವನ ರಾಜಧಾನಿ ಕೋಲಾರ ಎಂದು ಇತಿಹಾಸಕಾರರು ಎಣಿಸುತ್ತಾರೆ.

ಆ ರಾಜಧಾನಿಯ ಬಾಳು ಮಾತ್ರ ದೊಡ್ಡದಲ್ಲ. ಎರಡು ಮೂರು ತಲೆಮಾರಿನೊಳಗೆ ಗಂಗರ ಕೇಂದ್ರ ಕಾವೇರಿ ದಡದ ತಲಕಾಡಿಗೆ ಹೋಯಿತು. ಎಂಟನೇ ಶತಮಾನದಲ್ಲಿ ಗಂಗದೊರೆ ಶ್ರೀಪುರುಷನ ಹೊತ್ತಿಗೆ ಇಂದಿನ ನೆಲಮಂಗಲದ ಬಳಿಯ ಮಣ್ಣೆ ಮುಂದಕ್ಕೆ ಬಂತು. ಭೂಪಟ ನೋಡಿದರೆ ಇದರಲ್ಲಿ ಅಚ್ಚರಿಯಿಲ್ಲ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ಅಲ್ಲಿಯ ಬೇಸಾಯ ನಿಂತಿದ್ದು ಕೆರೆಗಳ ಮೇಲೆ. ತಲಕಾಡಿಗೆ ಕಾವೇರಿಯೇ ಇದೆ.

ಊರು ಬಿಟ್ಟರೂ ಹೆಸರು ಬಿಡಲಿಲ್ಲ

ಇಲ್ಲಿಂದ ಮುಂದಿನದೇ ಕೋಲಾರದ ನಿಜವಾದ ದೊಡ್ಡ ಕಥೆ.

ನಮ್ಮ ಹೆಸರಿನ ಹಿಂದಿನ ಇನಿಶಿಯಲ್ ನೆನಪು ಮಾಡಿಕೊಳ್ಳಿ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ. ಹೆಸರಿನ ಮುಂದಿದ್ದ ‘ಮೋಕ್ಷಗುಂಡಂ’ ಆಂಧ್ರದಲ್ಲಿರುವ ಅವರ ಹಿರಿಯರ ಊರು. ಡಿ.ವಿ. ಗುಂಡಪ್ಪನವರು ಹುಟ್ಟಿದ್ದು ಮುಳಬಾಗಿಲಿನಲ್ಲಿ. ‘ಡಿ’ ಎಂದರೆ ದೇವನಹಳ್ಳಿ. ಮನೆತನ ಎಲ್ಲಿಗೆ ಹೋದರೂ ಮೂಲದ ಊರು ಹೆಸರಿಗೆ ಅಂಟಿಕೊಂಡು ಬರುತ್ತದೆ. ರಾಜವಂಶಗಳಲ್ಲೂ ಹೀಗೆಯೇ. ರಾಷ್ಟ್ರಕೂಟರು ಮಾನ್ಯಖೇಟದಿಂದ ಆಳಿದರೂ ‘ಲತ್ತಲೂರು ಪುರವರಾಧೀಶ್ವರ’ರು. ಹೊಯ್ಸಳರು ದೋರಸಮುದ್ರದಲ್ಲಿದ್ದರೂ ‘ದ್ವಾರಾವತೀ ಪುರವರಾಧೀಶ್ವರ’ರು. ‘ಪುರವರ’ ಎಂದರೆ ಶ್ರೇಷ್ಠವಾದ ಪಟ್ಟಣ, ‘ಅಧೀಶ್ವರ’ ಅಥವಾ ‘ಈಶ್ವರ’ ಎಂದರೆ ಒಡೆಯ. ಬಿರುದಿನಲ್ಲಿ ಬರುವ ಊರು ಆ ಹೊತ್ತಿನ ರಾಜಧಾನಿಯೇ ಆಗಿರಬೇಕೆಂದಿಲ್ಲ. ‘ನಮ್ಮ ಮೂಲ ಇದು’ ಎಂಬ ಘೋಷಣೆ ಅದು.

ಕೊಡಗಿನ ಬಿಳಿಯೂರಿನ ಶಾಸನ ಇದಕ್ಕೆ ಒಳ್ಳೆಯ ಸಾಕ್ಷಿ. ಶಕ ವರ್ಷ 809ರದು, ಅಂದರೆ ಕ್ರಿ.ಶ. 887-88. ಬಸದಿಯೊಂದಕ್ಕೆ ಹಳ್ಳಿಗಳನ್ನು ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ಕೋಲಾರದಿಂದ ಅಷ್ಟು ದೂರದ ಮಲೆನಾಡಿನಲ್ಲಿ, ಕೋಲಾರ ರಾಜಧಾನಿಯಾಗಿ ಉಳಿಯದೆ ಶತಮಾನಗಳೇ ಕಳೆದ ಮೇಲೆ ಕೂಡ, ದೊರೆಯ ಹೆಸರು ‘ಸತ್ಯವಾಕ್ಯ ಕೊಂಗುಣಿವರ್ಮ... ಕುವಳಾಲಪುರವರೇಶ್ವರ ನಂದಗಿರಿನಾಥ... ಪೆರ್ಮಾನಡಿ’ ಎಂದೇ ಬರುತ್ತದೆ.

ಸುಮಾರು 1004ರಲ್ಲಿ ಚೋಳರು ತಲಕಾಡನ್ನು ಹಿಡಿದರು, ಗಂಗರ ರಾಜ್ಯ ಮುಗಿಯಿತು. ಬಿರುದು ಮುಗಿಯಲಿಲ್ಲ. ಶಿವಮೊಗ್ಗ ಸೀಮೆಯಲ್ಲಿ ಚಾಲುಕ್ಯರ ಕೆಳಗೆ ಮಾಂಡಲಿಕರಾಗಿದ್ದ ಗಂಗ ಮನೆತನದವರು ಹನ್ನೆರಡನೇ ಶತಮಾನದಲ್ಲೂ ತಮ್ಮನ್ನು ‘ಕೋಳಾಲಪುರವರೇಶ್ವರ’ ಎಂದೇ ಕರೆದುಕೊಂಡರು. ಅತ್ತ ತಮಿಳುನಾಡಿನಲ್ಲಿ, ಮೂರನೇ ಕುಲೋತ್ತುಂಗ ಚೋಳನ ಕಾಲದ ಸೀಯಗಂಗ ಎಂಬ ಮಾಂಡಲಿಕ ‘ಕುವಳಾಲಪುರ ಪರಮೇಶ್ವರ’. ಇವನ ಕೋರಿಕೆಯ ಮೇರೆಗೆ ಪವಣಂದಿ ಎಂಬ ಜೈನ ಮುನಿ ಬರೆದ ‘ನನ್ನೂಲ್’ ತಮಿಳಿನ ಪ್ರಸಿದ್ಧ ವ್ಯಾಕರಣ. ತಮಿಳು ಕಲಿಯುವವರು ಇವತ್ತಿಗೂ ಓದುತ್ತಾರೆ. ಇನ್ನೂ ಉತ್ತರಕ್ಕೆ, ಪುರಿಯ ಜಗನ್ನಾಥ ದೇವಾಲಯಕ್ಕೆ ಕೈಹಾಕಿದ ಕಳಿಂಗದ ದೊರೆ ಅನಂತವರ್ಮ ಚೋಡಗಂಗನ ಶಕ 1040ರ ತಾಮ್ರಶಾಸನ ತನ್ನ ಪೂರ್ವಜನೊಬ್ಬ ಗಂಗವಾಡಿಯಲ್ಲಿ ‘ಕೋಲಾಹಲಪುರ’ ಕಟ್ಟಿದನೆಂದು ಹೇಳಿಕೊಳ್ಳುತ್ತದೆ. ವಂಶಾವಳಿಯ ಆ ಮಾತು ಎಷ್ಟರಮಟ್ಟಿಗೆ ಚರಿತ್ರೆ ಎಂಬುದು ಬೇರೆ ವಿಚಾರ. ಪುರಿಯ ದೊರೆಗೂ ಕೋಲಾರದ ಹೆಸರು ಬೇಕಾಗಿತ್ತಲ್ಲ, ಅದು ಮುಖ್ಯ. ತಲಕಾಡಿಗೂ ಸಿಗದ ಗೌರವ ಇದು.

ಶಾಸನ ಓದುವಾಗ ಏನೇನು ನೋಡಬೇಕು?

ದಾನಶಾಸನಕ್ಕೆ ಒಂದು ಅಚ್ಚು ಇರುತ್ತದೆ, ಈಗಿನ ಕ್ರಯಪತ್ರದ ಹಾಗೆ. ಮೊದಲು ದೇವರ ಸ್ತುತಿ, ಆಮೇಲೆ ದೊರೆಯ ಬಿರುದುಗಳು, ಕಾಲ, ಕೊಟ್ಟವರು, ಪಡೆದವರು, ಕೊಟ್ಟ ಭೂಮಿ, ಅದರ ನಾಲ್ಕು ಎಲ್ಲೆ, ಸಾಕ್ಷಿಗಳು. ಕೊನೆಗೆ ಶಾಪ: ಈ ಭೂಮಿಯನ್ನು ಕಿತ್ತುಕೊಂಡವರು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾರೆ, ವಾರಣಾಸಿಯಲ್ಲಿ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪಕ್ಕೆ ಹೋಗುತ್ತಾರೆ. ಕಲ್ಲು ಒಡೆದು ಕೊನೆಯ ನಾಲ್ಕು ಸಾಲಷ್ಟೇ ಉಳಿದಿದ್ದರೂ ಈ ಶಾಪದ ಮಾತಿನಿಂದ ಅದು ದಾನಶಾಸನ ಎಂದು ಗುರುತಿಸಬಹುದು. ಕುದುರೆ, ಬಿಲ್ಲು, ಬಿದ್ದ ಆಳು, ಅವನನ್ನು ಮೇಲಕ್ಕೊಯ್ಯುವ ಅಪ್ಸರೆಯರು ಕಂಡರೆ ಅದು ವೀರಗಲ್ಲು.

ಕಾಲ ಕಂಡುಹಿಡಿಯುವುದು ಕಷ್ಟವಲ್ಲ. ಶಕ ವರ್ಷಕ್ಕೆ 78 ಸೇರಿಸಿದರೆ ಕ್ರಿಸ್ತಶಕ ಬರುತ್ತದೆ. ಶಕ ವರ್ಷ ಯುಗಾದಿಗೆ ಬದಲಾಗುವುದರಿಂದ ಪುಷ್ಯದ ಕೊನೆ, ಮಾಘ, ಫಾಲ್ಗುಣದ ತಿಥಿಗಳಿಗೆ 79 ಸೇರಿಸಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ಇನ್ನು ಕೆಲವು ಶಾಸನಗಳಲ್ಲಿ ಶಕ ವರ್ಷವೇ ಇರುವುದಿಲ್ಲ. ‘ಪಟ್ಟವಾಗಿ ಇಷ್ಟನೆಯ ವರ್ಷ’ ಎಂದಷ್ಟೇ ಇರುತ್ತದೆ. ಬಿಳಿಯೂರಿನ ಶಾಸನಕ್ಕೆ ಬೆಲೆ ಬಂದದ್ದು ಇದರಿಂದಲೇ. ಅದರಲ್ಲಿ ಶಕ 809 ಕೂಡ ಇದೆ, ಆಳ್ವಿಕೆಯ 18ನೇ ವರ್ಷ ಎಂದೂ ಇದೆ. ಲೆಕ್ಕ ಹಿಂದಕ್ಕೆ ಎಣಿಸಿದರೆ ಆ ದೊರೆಗೆ ಪಟ್ಟವಾದದ್ದು 870ರ ಹೊತ್ತಿಗೆ ಎಂದು ಸಿಕ್ಕಿಬಿಡುತ್ತದೆ. ಹೀಗೆ ಒಂದು ಗಟ್ಟಿ ಗೂಟ ಸಿಕ್ಕರೆ ಕಾಲವಿಲ್ಲದ ಹತ್ತಾರು ಕಲ್ಲುಗಳನ್ನು ಅದಕ್ಕೆ ಕಟ್ಟಬಹುದು.

ಇನ್ನೊಂದು ಎಡವಟ್ಟು ಬಿರುದುಗಳದು. ಕಡೆಯ ಗಂಗದೊರೆಗಳು ‘ಸತ್ಯವಾಕ್ಯ’, ‘ನೀತಿಮಾರ್ಗ’ ಎಂಬ ಎರಡು ಹೆಸರನ್ನು ಒಬ್ಬರಾದ ಮೇಲೆ ಒಬ್ಬರಂತೆ ಇಟ್ಟುಕೊಂಡರು. ‘ಪೆರ್ಮಾನಡಿ’ ಎಲ್ಲರಿಗೂ ಇತ್ತು. ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವ ಮನೆಯಲ್ಲಿ ಹಳೆಯ ಪತ್ರ ಯಾರದೆಂದು ಹುಡುಕಿದಂತೆ ಇದು. ‘ಸತ್ಯವಾಕ್ಯ ಪೆರ್ಮಾನಡಿ’ ಎಂದು ಓದಿದ ಕೂಡಲೇ ಒಬ್ಬ ರಾಜನ ಹೆಸರು ಹಾಕಿ ಫೇಸ್‌ಬುಕ್ಕಿನಲ್ಲಿ ಪ್ರಕಟಿಸಿದರೆ ನೂರು ವರ್ಷದವರೆಗೂ ತಪ್ಪಬಹುದು. ಆಗ ಲಿಪಿಯ ಆಕಾರವೇ ತೀರ್ಪು ಹೇಳಬೇಕು.

ಕಲ್ಲಿನ ಕಂಬ ಕಡಿದ ಕಥೆ

ಗಂಗರ ತಾಮ್ರಶಾಸನಗಳು ‘ಜಿತಂ ಭಗವತಾ ಗತಘನಗಗನಾಭೇನ ಪದ್ಮನಾಭೇನ’ ಎಂದು ಆರಂಭವಾಗುತ್ತವೆ. ಮೋಡವಿಲ್ಲದ ಬಾನಿನ ಬಣ್ಣದ ಪದ್ಮನಾಭನಿಗೆ ಜಯವಾಯಿತು ಎಂದರ್ಥ. ಆಮೇಲೆ ಮೊದಲ ದೊರೆಯ ವರ್ಣನೆ: ಜಾಹ್ನವೇಯ ಕುಲ, ಕಾಣ್ವಾಯನ ಗೋತ್ರ, ತನ್ನ ಕತ್ತಿಯ ಒಂದೇ ಏಟಿಗೆ ದೊಡ್ಡ ಕಲ್ಲುಕಂಬವನ್ನು ತುಂಡರಿಸಿದವನು. ತಗಡುಗಳನ್ನು ಕೂಡಿಸುವ ಬಳೆಯ ಮುದ್ರೆಯಲ್ಲಿ ಆನೆ.

ಇದೇ ಕಂಬದ ಕಥೆ ಹನ್ನೊಂದು, ಹನ್ನೆರಡನೇ ಶತಮಾನದ ಶಿವಮೊಗ್ಗ ಸೀಮೆಯ ಶಿಲಾಶಾಸನಗಳಲ್ಲಿ ಬೆಳೆದು ನಿಂತಿದೆ. ದಡಿಗ, ಮಾಧವ ಎಂಬ ಅಣ್ಣತಮ್ಮಂದಿರು ಪೆರೂರಿನಲ್ಲಿ ಸಿಂಹನಂದಿ ಎಂಬ ಜೈನ ಆಚಾರ್ಯರನ್ನು ಕಾಣುತ್ತಾರೆ. ಆಚಾರ್ಯರು ಅವರಿಗೆ ರಾಜ್ಯ ಒದಗಿಸಿ ಎಚ್ಚರಿಕೆಯ ಮಾತುಗಳನ್ನೂ ಹೇಳುತ್ತಾರೆ. ನಂದಗಿರಿ ಕೋಟೆ, ಕುವಳಾಲ ಪಟ್ಟಣ, ತೊಂಬತ್ತಾರು ಸಾವಿರ ನಾಡು, ಜಿನೇಂದ್ರ ದೈವ ಎಂದು ಅವರ ಸಂಪತ್ತನ್ನು ಶಾಸನ ಎಣಿಸುತ್ತದೆ.

ಒಂದೇ ವಂಶದ ಮೂಲವನ್ನು ಹೇಳುವ ಎರಡು ದಾಖಲೆಗಳಲ್ಲಿ ಒಂದು ಪದ್ಮನಾಭನಿಂದ ಶುರುವಾದರೆ ಇನ್ನೊಂದು ಜೈನ ಗುರುವಿನಿಂದ ಶುರುವಾಗುತ್ತದೆ. ಯಾವುದು ಸರಿ? ಘಟನೆಗೆ ಹತ್ತಿರದ ದಾಖಲೆಗೆ ತೂಕ ಹೆಚ್ಚು ಎಂಬುದು ಇತಿಹಾಸದ ಮೊದಲ ನಿಯಮ. ಕಂಬದ ಪ್ರಸ್ತಾಪ ಹಳೆಯ ಪದರದ್ದು. ಸಿಂಹನಂದಿಯ ವಿಸ್ತಾರವಾದ ಕಥೆ ಬಹಳ ಈಚಿನ ಪದರದ್ದು. ಆದರೆ ಗಂಗ ದೊರೆಗಳು ಬ್ರಾಹ್ಮಣರಿಗೂ ಬಸದಿಗಳಿಗೂ ದತ್ತಿ ಬಿಟ್ಟದ್ದಕ್ಕೆ ಬೇಕಾದಷ್ಟು ಪುರಾವೆಯಿದೆ, ಹಾಗಾಗಿ ‘ಗಂಗರು ಇಂಥ ಮತದವರು’ ಎಂದು ಒಂದೇ ಪದದಲ್ಲಿ ಮುಗಿಸಲು ಹೊರಡುವುದೇ ತಪ್ಪು.

ಎಚ್ಚರ ಬೇಕಾದ ಇನ್ನೊಂದು ಸಂಗತಿ ಖೊಟ್ಟಿ ಶಾಸನಗಳು. ಭೂಮಿಯ ಹಕ್ಕು ಸಾಧಿಸಲು ಹಳೆಯ ದೊರೆಯ ಹೆಸರಿನಲ್ಲಿ ಆಮೇಲೆ ಸೃಷ್ಟಿಸಿದ ತಾಮ್ರಪಟಗಳು ಗಂಗರ ದಾಖಲೆಗಳಲ್ಲೂ ಇವೆ. ಪತ್ತೆ ಹೇಗೆ? ಕಾಲ ಐದನೇ ಶತಮಾನದ್ದು, ಅಕ್ಷರದ ಆಕಾರ ಒಂಬತ್ತನೆಯದು. ಇಲ್ಲವೇ ಹೇಳಿದ ತಿಥಿಗೂ ವಾರಕ್ಕೂ ತಾಳೆಯಾಗುವುದಿಲ್ಲ. ಹಳೆಯ ಇಸವಿ ಹಾಕಿದ ಪತ್ರವನ್ನು ಹೊಸ ಛಾಪಾಕಾಗದದ ಮೇಲೆ ಬರೆದಂತೆ.

ಕೋಲಾರಮ್ಮ: ಊರೇ ದೇವಿಯ ಹೆಸರಾದಾಗ

ಪಟ್ಟಣದ ಕೋಲಾರಮ್ಮನ ಗುಡಿಗೆ ಹೋದವರಿಗೆ ಗೋಡೆಯ ತುಂಬ ಅಕ್ಷರ ಕಾಣುತ್ತದೆ, ಓದಲು ಮಾತ್ರ ಆಗುವುದಿಲ್ಲ. ಅವು ಬಹುಪಾಲು ತಮಿಳು ಲಿಪಿಯವು, ಮತ್ತು ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಗ್ರಂಥ ಲಿಪಿಯವು. ಕಾರಣ ಸರಳ. ಹನ್ನೊಂದನೇ ಶತಮಾನದಲ್ಲಿ ಕೋಲಾರ ಚೋಳರ ಆಡಳಿತಕ್ಕೆ ಸೇರಿ, ಈ ಭಾಗಕ್ಕೆ ‘ನಿಗರಿಲಿಚೋಳಮಂಡಲಂ’ ಎಂದು ಹೆಸರಿಟ್ಟಾಗಿತ್ತು. ಕಡತದ ಭಾಷೆ ತಮಿಳಾಗಿತ್ತು. ಊರಿನ ಹೆಸರು ಆ ಶಾಸನಗಳಲ್ಲೂ ಕುವಳಾಲವೇ. ದೇವಿಯ ಹೆಸರು ಅವುಗಳಲ್ಲಿ ‘ಪಿಡಾರಿಯಾರ್’. ಪಿಡಾರಿ ಎಂದರೆ ತಮಿಳು ಸೀಮೆಯಲ್ಲಿ ಊರು ಕಾಯುವ ಗ್ರಾಮದೇವತೆ. ಇಟ್ಟಿಗೆಯಲ್ಲಿದ್ದ ಗುಡಿಯನ್ನು ಕಲ್ಲಿನಲ್ಲಿ ಕಟ್ಟಿಸಿದ್ದು ರಾಜೇಂದ್ರ ಚೋಳನ (1014–1044) ಕಾಲದಲ್ಲಿ.

ಅರಸರು ಬದಲಾದರು, ಗೋಡೆಯ ಭಾಷೆ ಬದಲಾಯಿತು, ಅಮ್ಮ ಅಲ್ಲಿಯೇ ಉಳಿದಳು. ಹಾಸನಕ್ಕೆ ಹಾಸನಾಂಬೆ ಇರುವಂತೆ ಕೋಲಾರಕ್ಕೆ ಕೋಲಾರಮ್ಮ. ದೇವಿಯ ಉಗ್ರರೂಪವನ್ನು ನೇರವಾಗಿ ನೋಡದೆ ಎದುರಿಗಿಟ್ಟ ಕನ್ನಡಿಯಲ್ಲಿ ದರ್ಶನ ಪಡೆಯುವುದು ವಾಡಿಕೆ. ಅದೇ ಆವರಣದಲ್ಲಿ ಚೇಳಮ್ಮನ ಸನ್ನಿಧಿಯಿದೆ. ಹರಕೆ ಹೊತ್ತವರಿಗೆ ಚೇಳು ಕುಟುಕುವುದಿಲ್ಲ ಎಂಬ ನಂಬಿಕೆ. ಬಂಡೆಗಲ್ಲು, ಒಣಹುಲ್ಲು, ಬಿಸಿಲಿನ ಈ ಸೀಮೆಯಲ್ಲಿ ಬರಿಗಾಲಲ್ಲಿ ದುಡಿದವರಿಗೆ ಚೇಳು ದಿನನಿತ್ಯದ ಭಯ. ದೇವಿ ಹುಟ್ಟಿದ್ದು ಆ ಭಯದ ಪಕ್ಕದಲ್ಲಿ ಎಂದು ತಿಳಿದರೆ ಗುಡಿ ಇನ್ನಷ್ಟು ಹತ್ತಿರವಾಗುತ್ತದೆ.

ಊರ ಪಶ್ಚಿಮದ ಶತಶೃಂಗ ಬೆಟ್ಟದಲ್ಲಿ ಅಂತರಗಂಗೆ. ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತದೆ. ಬಂಡೆಗಳ ಬಿರುಕಿನಲ್ಲಿ ಇಂಗಿದ ಮಳೆನೀರು ಒಳಗೊಳಗೇ ಹರಿದು ಹೊರಬರುವ ಜಾಗ ಅದು. ನದಿಯಿಲ್ಲದ ಊರಿನಲ್ಲಿ ಇಂಥ ಚಿಲುಮೆ ತೀರ್ಥವಾಗದೆ ಇರುತ್ತದೆಯೇ?

ಸಾಹಿತ್ಯದಲ್ಲಿ ಉಳಿದದ್ದು

ಇಲ್ಲಿ ಒಂದು ಗೆರೆ ಎಳೆದುಕೊಳ್ಳಬೇಕು. ಗಂಗರ ಸಾಹಿತ್ಯ ಕೋಲಾರದಲ್ಲಿ ಕೂತು ಬರೆದದ್ದಲ್ಲ. ಕುವಳಾಲಪುರದ ಒಡೆಯರೆಂದು ಕರೆದುಕೊಂಡವರ ಮನೆತನದಲ್ಲಿ, ಅವರ ಆಸ್ಥಾನದಲ್ಲಿ ಬೆಳೆದದ್ದು.

ಆರನೇ ಶತಮಾನದ ಗಂಗದೊರೆ ದುರ್ವಿನೀತ, ಸಂಸ್ಕೃತ ಕವಿ ಭಾರವಿಯ ‘ಕಿರಾತಾರ್ಜುನೀಯ’ದ ಹದಿನೈದನೇ ಸರ್ಗಕ್ಕೆ ವ್ಯಾಖ್ಯಾನ ಬರೆದನೆಂದು ತಾಮ್ರಶಾಸನಗಳು ಹೇಳುತ್ತವೆ. ಆ ಸರ್ಗವನ್ನೇ ಏಕೆ ಆರಿಸಿದ? ಅದರ ಒಂದು ಅರ್ಧಶ್ಲೋಕ ಓದಿ ನೋಡಿ: ‘ನ ನೋನನುನ್ನೋ ನುನ್ನೋನೋ ನಾನಾ ನಾನಾನನಾ ನನು’. ‘ನ’ ಬಿಟ್ಟರೆ ಬೇರೆ ವ್ಯಂಜನವಿಲ್ಲ. ಇಡೀ ಕಾವ್ಯದಲ್ಲಿ ಅತ್ಯಂತ ಕಠಿಣವಾದ ಭಾಗ ಅದು. ಅದನ್ನು ಬಿಡಿಸಿ ಹೇಳುವುದು ಪಾಂಡಿತ್ಯದ ಪಣ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ಹಳೆಯ ಗದ್ಯಕಾರರನ್ನು ಎಣಿಸುವಾಗಲೂ ದುರ್ವಿನೀತನ ಹೆಸರು ಹೇಳುತ್ತದೆ.

ಶ್ರೀಪುರುಷ ಆನೆಗಳ ಮೇಲೆ ‘ಗಜಶಾಸ್ತ್ರ’ ಬರೆದ. ಅವನ ಮಗ ಶಿವಮಾರನದು ‘ಗಜಾಷ್ಟಕ’. ಅದು ಸಿಕ್ಕಿಲ್ಲ. ಆದರೆ ಅದು ಓವನಿಗೆ ಎಂಬ ಹಾಡಾಗಿ, ಒನಕೆವಾಡಾಗಿ ಹಬ್ಬಿತ್ತೆಂದು ಹನ್ನೊಂದನೇ ಶತಮಾನದ ಶಾಸನವೊಂದು ಕೊಂಡಾಡಿದೆ. ಒನಕೆವಾಡು ಎಂದರೆ ಭತ್ತ, ರಾಗಿ ಕುಟ್ಟುವಾಗ ಹೆಂಗಸರು ಒನಕೆಯ ಏಟಿಗೆ ಸರಿಯಾಗಿ ಹೇಳುವ ಹಾಡು. ದೊರೆ ಆನೆಯ ಮೇಲೆ ಬರೆದ ಪದ್ಯ ಒರಳಿನ ಬಳಿಗೆ ಇಳಿದು ಬಂದಿತ್ತು. ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಇದಕ್ಕಿಂತ ಮುದ್ದಾದ ಸಾಕ್ಷ್ಯ ವಿರಳ.

ಕೊನೆಯ ಘಟ್ಟದಲ್ಲಿ ಮಂತ್ರಿ ಚಾವುಂಡರಾಯ. ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದವನು. ಅವನ ‘ಚಾವುಂಡರಾಯಪುರಾಣ’ ಕನ್ನಡ ಗದ್ಯದ ಮೈಲಿಗಲ್ಲು. ಕಾಲ ಶಕ 900, ಅಂದರೆ 978.

ಕಲ್ಲು ಸಿಕ್ಕರೆ ಏನು ಮಾಡಬೇಕು?

ಮೊದಲು, ಇದ್ದಲ್ಲಿಯೇ ಬಿಡಿ. ಕಲ್ಲು ನಿಂತ ಜಾಗವೂ ಸಾಕ್ಷ್ಯವೇ. ‘ಈ ಕೆರೆಯ ತೂಬಿನ ಕೆಳಗೆ’ ಎಂದು ಬರೆದ ಶಾಸನವನ್ನು ಎರಡು ಮೈಲಿ ಆಚೆ ತಂದು ಕಟ್ಟೆಗೆ ಸೇರಿಸಿದರೆ ಯಾವ ಕೆರೆ ಎಂಬುದೇ ಕಳೆದುಹೋಗುತ್ತದೆ. ನೀರು ಮತ್ತು ಮೆತ್ತನೆಯ ನಾರಿನ ಬ್ರಷ್‌ನಿಂದ ಮಣ್ಣು ತೊಳೆಯಿರಿ. ತಂತಿ ಬ್ರಷ್, ಆಸಿಡ್, ಉಳಿ, ಮೊಳೆ ಬೇಡವೇ ಬೇಡ. ಅಕ್ಷರದ ಗೀರಿನ ಆಳ ಕೆಲವೇ ಮಿಲಿಮೀಟರ್; ಒಂದು ಸಲ ಉಜ್ಜಿದರೆ ಸವೆದದ್ದು ಮತ್ತೆ ಬರುವುದಿಲ್ಲ. ಭಕ್ತಿಯಿಂದ ಬಳಿಯುವ ಎಣ್ಣೆ, ಅರಿಶಿನ, ಸುಣ್ಣ, ಆಯಿಲ್ ಪೇಂಟ್ ಕೂಡ ಗೀರನ್ನು ತುಂಬಿ ಓದಲಾಗದಂತೆ ಮಾಡುತ್ತವೆ.

ಫೋಟೊ ತೆಗೆಯುವುದಾದರೆ ನಡುಮಧ್ಯಾಹ್ನ ಬೇಡ. ನೆತ್ತಿಯ ಬೆಳಕಿನಲ್ಲಿ ಗೀರಿಗೆ ನೆರಳು ಬೀಳುವುದಿಲ್ಲ. ಬೆಳಿಗ್ಗೆ ಅಥವಾ ಇಳಿಹೊತ್ತಿನ ಓರೆ ಬಿಸಿಲು ಒಳ್ಳೆಯದು. ಅದಕ್ಕಿಂತಲೂ ಚೆನ್ನ, ಕತ್ತಲಾದ ಮೇಲೆ ಮೊಬೈಲ್ ಟಾರ್ಚನ್ನು ಕಲ್ಲಿನ ಮಗ್ಗುಲಲ್ಲಿ, ಮೈಗೆ ತಾಗುವಷ್ಟು ಓರೆಯಾಗಿ ಹಿಡಿಯುವುದು. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ, ಒಮ್ಮೆ ಮೇಲಿಂದ. ಪ್ರತಿಸಲವೂ ಬೇರೆ ಬೇರೆ ಗೆರೆ ಎದ್ದು ಕಾಣುತ್ತದೆ. ಇಡೀ ಕಲ್ಲಿನದೊಂದು, ನಾಲ್ಕೈದು ಸಾಲಿಗೊಂದರಂತೆ ಹತ್ತಿರದ್ದು, ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲು. ಜಾಗದ ಲೊಕೇಶನ್ ಗುರುತು ಹಾಕಿಕೊಳ್ಳಿ.

ತಜ್ಞರು ಬಂದಾಗ ತೆಗೆಯುವುದು ಪಡಿಯಚ್ಚು. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಬ್ರಷ್‌ನಿಂದ ತಟ್ಟಿ ತಟ್ಟಿ ಗೀರಿನೊಳಕ್ಕೆ ಕೂರಿಸುತ್ತಾರೆ. ಅರೆ ಒಣಗಿದಾಗ ಮಸಿ ಹತ್ತಿಸಿದ ಬಟ್ಟೆಯುಂಡೆಯಿಂದ ಮೆಲ್ಲಗೆ ಒತ್ತುತ್ತಾರೆ. ಕಲ್ಲಿನ ಮೈ ಕಪ್ಪಾಗುತ್ತದೆ, ಗುಳಿಯಲ್ಲಿರುವ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಕಾಗದ ತೀರ ಒದ್ದೆಯಿದ್ದರೆ ಮಸಿ ಹರಡುತ್ತದೆ, ತೀರ ಒಣಗಿದರೆ ಕಾಗದ ಎದ್ದುಬಿಡುತ್ತದೆ. ಗಾಳಿಯಿದ್ದ ದಿನ ಕೆಲಸವೇ ಆಗುವುದಿಲ್ಲ.

ನಿಮ್ಮೂರಿನ ಕಲ್ಲು ಹೊಸತೋ, ಆಗಲೇ ಪ್ರಕಟವಾದದ್ದೋ ಎಂದು ತಿಳಿಯಲು ಒಂದೇ ಪುಸ್ತಕ ಸಾಕಾಗಬಹುದು. ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೇ ಸಂಪುಟ, 1905ರದು, ಕೋಲಾರ ಜಿಲ್ಲೆಯದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಆದ್ದರಿಂದ ಅಲ್ಲಿಯವರೂ ಇದೇ ಸಂಪುಟ ತೆರೆಯಬೇಕು. ತಾಲ್ಲೂಕುವಾರು ಸಂಖ್ಯೆ ಕೊಟ್ಟಿದ್ದಾರೆ. ಹಳ್ಳಿಯ ಹೆಸರು ಹಿಡಿದು ಹುಡುಕಬಹುದು. ಅಲ್ಲಿ ಇಲ್ಲದಿದ್ದರೆ ರಾಜ್ಯದ ಪುರಾತತ್ವ ಇಲಾಖೆಗೆ, ಇಲ್ಲವೇ ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗಕ್ಕೆ ಫೋಟೊ ಸಮೇತ ತಿಳಿಸಿ. ತಾಮ್ರಪಟವೋ ನಾಣ್ಯವೋ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸುವುದು ಕಾನೂನು.

ನಿಧಿಯ ಮಾತಿಗೆ ಉತ್ತರವೂ ಆ ಕಲ್ಲಿನಲ್ಲೇ ಇರುತ್ತದೆ. ಸೂರ್ಯ, ಚಂದ್ರರ ಗುರುತು ಕೆತ್ತಿರುವುದು ಹೊನ್ನು ಹೂತಿಟ್ಟ ಸಂಕೇತವಲ್ಲ. ಸೂರ್ಯಚಂದ್ರರು ಇರುವವರೆಗೂ ಈ ದತ್ತಿ ನಡೆಯಲಿ ಎಂಬ ಮಾತು. ಅದರ ಬುಡ ಅಗೆದವರಿಗೆ ಸಿಗುವುದು ಕಲ್ಲಿನ ಓದಲಾಗದ ಎರಡು ತುಂಡು.